ಕೆಳಗೆ ಹೋಗಿ

ಧಮ್ಮ ಬಂಧುಗಳೇ, ಇವತ್ತಿನ ಚಿಂತನೆಯ ಸರದಿ ನನ್ನದು. ಒಂದು ಸುತ್ತವನ್ನೋ ಒಂದು ಗಾಥೆಯನ್ನೋ ತೆಗೆದುಕೊಂಡು ಅದರ ಅರ್ಥ ಬರೆಯುವುದು ನಮ್ಮ ವಾಡಿಕೆ. ಈ ಸಲ ನಾನು ಮಾಡಿದ ಒಂದು ತಪ್ಪನ್ನು ಮೊದಲು ಹೇಳುತ್ತೇನೆ, ಸುತ್ತಕ್ಕೆ ಆಮೇಲೆ ಬರುತ್ತೇನೆ. ಬರಹ ಸ್ವಲ್ಪ ಉದ್ದವಾಗಿದೆ. ಬಿಡುವಾದಾಗ ಓದಿ.

ಕಳೆದ ತಿಂಗಳ ಎರಡನೇ ಶನಿವಾರ ನಮ್ಮ ಬಳಗದ 14 ಜನ ಕಳಸದ ಕಡೆ ಹೋಗಿ, ಬೆಟ್ಟದ ಬುಡದ ಹಳ್ಳದ ದಂಡೆಯಲ್ಲಿ ಟೆಂಟ್ ಹಾಕಿಕೊಂಡು ಒಂದು ರಾತ್ರಿ ಉಳಿದು ಬಂದದ್ದು ನಿಮಗೆಲ್ಲ ಗೊತ್ತು. ಫೋಟೋಗಳನ್ನು ಇದೇ ಗುಂಪಿನಲ್ಲಿ ನೋಡಿದ್ದೀರಿ. ನಾನು ಹೇಳಹೊರಟಿರುವುದು ಫೋಟೋದಲ್ಲಿ ಇಲ್ಲದ ವಿಷಯ.

ಹೊರಡುವ ಮೊದಲೇ ಒಂದು ಚರ್ಚೆ ನಡೆದಿತ್ತು. ನಮ್ಮ ನಿವೃತ್ತ ಮೇಷ್ಟ್ರು ನಗುತ್ತಲೇ ಕೇಳಿದರು: "ಬಾಬಾಸಾಹೇಬರು ನಮ್ಮನ್ನು ಹಳ್ಳಿ ಬಿಟ್ಟು ಬನ್ನಿ ಅಂದರು. ನೀವು ಪಟ್ಟಣವನ್ನೂ ಬಿಟ್ಟು ಕಾಡಿಗೆ ಹೊರಟಿದ್ದೀರಲ್ಲಪ್ಪ?" ತಮಾಷೆಯ ಮಾತೇ, ಆದರೆ ಅದರಲ್ಲಿ ತಿರುಳಿದೆ. ಹಳ್ಳ, ತೊರೆ, ಕೆರೆ ಎಂದರೆ ಕೆಲವರಿಗೆ ರಜೆಯ ನೆನಪು, ಅಜ್ಜಿ ಮನೆಯ ನೆನಪು. ನಮ್ಮಲ್ಲಿ ಬಹಳ ಜನರಿಗೆ ಅಜ್ಜಿ ಮನೆಯ ನೆನಪೇ ಬೇರೆ.

ನಮ್ಮಜ್ಜಿಯ ಊರು ಮಾಗಡಿ ಕಡೆಯದು. ಊರ ಹಳ್ಳದಲ್ಲಿ ಯಾರು ಎಲ್ಲಿ ನೀರಿಗಿಳಿಯಬೇಕು ಎಂಬುದಕ್ಕೆ ಬೋರ್ಡು ಇರಲಿಲ್ಲ, ಎಲ್ಲರಿಗೂ ಗೊತ್ತಿತ್ತು. ಎಲ್ಲಕ್ಕಿಂತ ಮೇಲ್ಗಡೆ ಊರಿನವರು ಕುಡಿಯುವ ನೀರು ತುಂಬಿಕೊಳ್ಳುವ ಜಾಗ. ಅದರ ಕೆಳಗೆ ಅವರ ಬಟ್ಟೆ ಒಗೆಯುವ ಬಂಡೆ. ಅದರ ಕೆಳಗೆ ದನ ಮೈ ತೊಳೆಯುವ ಜಾಗ. ದನಕ್ಕಿಂತ ಕೆಳಗೆ ನಮ್ಮ ಕೇರಿಯವರು ಕುಡಿಯುವ ನೀರಿನ ಜಾಗ. ಹರಿಯುವ ನೀರು ರಾಡಿಯಾದ ದಿನ ಮರಳಲ್ಲಿ ಒರತೆ ತೋಡಿ, ತಿಳಿಯಾಗುವವರೆಗೆ ಕಾದು, ತೆಂಗಿನ ಚಿಪ್ಪಿನಲ್ಲಿ ಮೊಗೆದು ಬಿಂದಿಗೆ ತುಂಬಿಸಬೇಕು. ಹತ್ತು ಹನ್ನೆರಡು ವರ್ಷದ ಹುಡುಗಿಯಾಗಿದ್ದಾಗ ಒಂದು ದಿನ ಅಜ್ಜಿ ಕಾಯಲಾಗದೆ ನಾಲ್ಕು ಹೆಜ್ಜೆ ಮೇಲಕ್ಕೆ ಹೋಗಿ ಬಿಂದಿಗೆ ಅದ್ದಿದಳಂತೆ. ದಡದಿಂದ ಒಂದು ದನಿ ಬಂತು: "ಏ, ಕೆಳಕ್ಕೆ ಹೋಗೇ." ಅಷ್ಟೇ. ಯಾರೂ ಹೊಡೆಯಲಿಲ್ಲ. ಆದರೆ ಎಂಬತ್ತು ದಾಟುವವರೆಗೂ ಅಜ್ಜಿ ಆ ದನಿಯನ್ನು ಮರೆಯಲಿಲ್ಲ. ನಮಗೆ ಹೇಳುವಾಗ ಅದೇ ದನಿ ತೆಗೆದು ಹೇಳುತ್ತಿದ್ದಳು.

ಮೇಷ್ಟ್ರ ಪ್ರಶ್ನೆಗೆ ಉತ್ತರ ಕೊಟ್ಟವಳು ಬಸವೇಶ್ವರನಗರದ ನಮ್ಮ ತಂಗಿ. "ಸಿದ್ಧಾರ್ಥರು ಮನೆ ಬಿಟ್ಟಿದ್ದೇ ಒಂದು ಹೊಳೆಯ ದೆಸೆಯಿಂದ ಅಲ್ವಾ ಸರ್?" ಅಂದಳು. ಹೌದಲ್ಲ! 'ಬುದ್ಧ ಮತ್ತು ಅವನ ಧಮ್ಮ' ಓದಿದವರಿಗೆ ಅದು ಗೊತ್ತೇ ಇದೆ. ಮುದುಕ, ರೋಗಿ, ಹೆಣ, ಸನ್ಯಾಸಿ ಇವರನ್ನು ಕಂಡು ಸಿದ್ಧಾರ್ಥರು ರಾತ್ರೋರಾತ್ರಿ ಓಡಿಹೋದರು ಎಂಬ ಕಥೆಯನ್ನು ಬಾಬಾಸಾಹೇಬರು ಒಪ್ಪಲಿಲ್ಲ. 29 ವರ್ಷ ವಯಸ್ಸಿನವರೆಗೆ ಒಬ್ಬ ಮನುಷ್ಯ ಸಾವನ್ನೇ ನೋಡಿರಲಿಲ್ಲ ಎಂದರೆ ನಂಬುವುದು ಹೇಗೆ? ಅವರು ಕೊಟ್ಟ ಕಾರಣ ರೋಹಿಣಿ ನದಿ. ಶಾಕ್ಯರ ಗದ್ದೆಗೂ ಕೋಲಿಯರ ಗದ್ದೆಗೂ ಅದೇ ನೀರು. ಮೊದಲು ಯಾರಿಗೆ, ಎಷ್ಟು ಎಂಬ ಜಗಳ ಯುದ್ಧದವರೆಗೆ ಬಂತು. ಯುದ್ಧ ಬೇಡ, ಎರಡೂ ಕಡೆಯಿಂದ ಇಬ್ಬಿಬ್ಬರನ್ನು ಆರಿಸೋಣ, ಆ ನಾಲ್ವರು ಐದನೆಯವರನ್ನು ಆರಿಸಲಿ, ಐವರೂ ಕೂತು ತೀರ್ಮಾನಿಸಲಿ ಎಂದು ಸಿದ್ಧಾರ್ಥರು ಶಾಕ್ಯ ಸಂಘದ ಮುಂದೆ ಹೇಳಿದರು. ಬಹುಮತ ಅವರ ವಿರುದ್ಧ ಹೋಯಿತು. ಕತ್ತಿ ಹಿಡಿಯಲು ಅವರು ಒಪ್ಪಲಿಲ್ಲ, ಗಡೀಪಾರು ಒಪ್ಪಿಕೊಂಡರು.

ಪಾಲಿ ಅಟ್ಠಕಥೆಯಲ್ಲಿ ಇದೇ ರೋಹಿಣಿಯ ಜಗಳ ಬುದ್ಧರಾದ ನಂತರದ ಘಟನೆಯಾಗಿ ಬರುತ್ತದೆ. ಅಲ್ಲಿ ನನಗೆ ಯಾವಾಗಲೂ ಕುತೂಹಲ ಹುಟ್ಟಿಸುವ ಒಂದು ವಿವರವಿದೆ. ಬೇಸಿಗೆಯಲ್ಲಿ ಪೈರು ಬಾಡುತ್ತಿದ್ದಾಗ ಎರಡೂ ಕಡೆಯ ಆಳುಗಳು ಒಡ್ಡಿನ ಹತ್ತಿರ ಮಾತಿಗೆ ಮಾತು ಬೆಳೆಸಿದರು. ಶುರುವಾದದ್ದು ನೀರಿನ ಪಾಲಿನಿಂದ. ಸ್ವಲ್ಪ ಹೊತ್ತಿಗೆಲ್ಲ ಅದು ನಿಮ್ಮ ಕುಲ ಎಂಥದ್ದು, ನಮ್ಮ ಕುಲ ಎಂಥದ್ದು ಎಂಬ ಬೈಗುಳಕ್ಕೆ ತಿರುಗಿತು. ಆಮೇಲೆ ನೀರು ಯಾರಿಗೂ ನೆನಪಿರಲಿಲ್ಲ.

ಅಂತೂ ಹೊರಟೆವು. ವಿಜಯನಗರದಿಂದ ಶುಕ್ರವಾರ ರಾತ್ರಿ ಟೆಂಪೋ ಟ್ರಾವೆಲರ್. ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಕಾಫಿ ತೋಟದ ಅಂಚಿನಲ್ಲಿ, ಹಳ್ಳಕ್ಕೆ ತಾಗಿದ ಸಣ್ಣ ಕ್ಯಾಂಪು. ಒಂದು ತಗಡಿನ ಅಡುಗೆ ಮನೆ, ಎರಡು ಪಾಯಿಖಾನೆ, ಟೆಂಟಿಗೆ ಸಮ ಮಾಡಿದ ನೆಲ, ಅಷ್ಟೇ. ಎರಡು ಮರದ ನಡುವೆ ಬಾಬಾಸಾಹೇಬರ ಚಿತ್ರವಿದ್ದ ನೀಲಿ ಬ್ಯಾನರ್ ಕಟ್ಟಿದೆವು. ಹಳ್ಳ ದೊಡ್ಡದಲ್ಲ. ದಾಟಲು ನಾಲ್ಕು ಹೆಜ್ಜೆ, ಆಳ ಮೊಣಕಾಲಿನಷ್ಟು, ತಳದ ಒಂದೊಂದು ಕಲ್ಲೂ ಎಣಿಸುವ ಹಾಗೆ ನೀರು. ಕೈಯಿಟ್ಟರೆ ಬೆರಳು ಸೆಟೆದುಕೊಳ್ಳುವ ಚಳಿ. ಬೊಗಸೆಯಲ್ಲಿ ಎತ್ತಿ ಕುಡಿದಾಗ ಒಬ್ಬರೂ ಮಾತಾಡಲಿಲ್ಲ. ನನಗೆ ಅಜ್ಜಿಯ ಚಿಪ್ಪು ನೆನಪಾಯಿತು. ಉಳಿದವರಿಗೂ ಅವರವರ ಮನೆಯದು ಏನೋ ನೆನಪಾಗಿರಬೇಕು.

ಶನಿವಾರ ರಾತ್ರಿ ಮುದ್ದೆ, ಕೋಳಿ ಸಾರು. ಊಟವಾದ ಮೇಲೆ ಚಾರ್ಜರ್ ಲೈಟಿನ ಬೆಳಕಲ್ಲಿ ರೋಹಿಣಿಯ ಅಧ್ಯಾಯವನ್ನೇ ಓದಿದೆವು. ಓದಿದವನು ನಾನು. ಚೆನ್ನಾಗಿ ಓದಿದೆ ಎಂದು ಮೇಷ್ಟ್ರು ಹೇಳಿದರು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಅದಾಗಿ ಹತ್ತು ಗಂಟೆಯೊಳಗೆ ನಾನು ಮಾಡಿದ್ದು ಇದು.

ಭಾನುವಾರ ಬೆಳಿಗ್ಗೆ ತ್ರಿಶರಣ, ಪಂಚಶೀಲ ಮುಗಿಸಿ, ರಾತ್ರಿಯ ಸಾರಿನ ದೊಡ್ಡ ಪಾತ್ರೆಯನ್ನು ನಾನೂ ರಾಜಾಜಿನಗರದ ಒಬ್ಬ ಹುಡುಗನೂ ಹಿಡಿದುಕೊಂಡು ಹಳ್ಳಕ್ಕಿಳಿದೆವು. ನಡುವೆ ಒಂದು ಚಪ್ಪಟೆ ಬಂಡೆ ಇತ್ತು. ಪಾತ್ರೆಯ ತುಂಬ ಹೆಪ್ಪುಗಟ್ಟಿದ ಜಿಡ್ಡು. ಸೋಪು, ಸ್ಟೀಲಿನ ನಾರು ತೆಗೆದು ತಿಕ್ಕಲು ಶುರು ಮಾಡಿದೆ. ನೊರೆ ಹಾಗೇ ಹರಿದು ಕಲ್ಲುಗಳ ಸಂದಿಯಲ್ಲಿ ಹೋಗುತ್ತಿತ್ತು.

ಕೆಳಗಿನ ತಿರುವಿನಿಂದ ಒಬ್ಬ ಹೆಂಗಸು ಕೂಗಿದಳು. "ಅಲ್ಲಿ ನೀರಿಗೆ ಇಳೀಬೇಡಿ! ಕೆಳಗೆ ಹೋಗಿ, ಕೆಳಗೆ!"

ಹುಡುಗನ ಕೈ ನಿಂತಿತು. ನಾನು ಮೊದಲು ನೋಡಿದ್ದು ಆ ಹೆಂಗಸನ್ನಲ್ಲ, ಹಿಂದೆ ಕಟ್ಟಿದ್ದ ನಮ್ಮ ನೀಲಿ ಬ್ಯಾನರನ್ನು. ಅಲ್ಲಿಂದ ಅದು ಚೆನ್ನಾಗಿ ಕಾಣುತ್ತಿತ್ತು. ನನ್ನ ಮನಸ್ಸು ಲೆಕ್ಕ ಹಾಕಿ ಮುಗಿಸಿಬಿಟ್ಟಿತು. ಮುನ್ನೂರು ಕಿಲೋಮೀಟರ್ ಬಂದರೂ, ಅಜ್ಜಿ ಸತ್ತು ಇಷ್ಟು ವರ್ಷವಾದರೂ, ಅದೇ ಮಾತು. ಅದೇ ಎರಡು ಪದ. ನಾನು ಎದ್ದು ನಿಂತು ಕೂಗಿದೆ: "ಯಾಕಮ್ಮ ಕೆಳಗೆ ಹೋಗ್ಬೇಕು? ಹಳ್ಳ ಏನು ನಿಮ್ಮಪ್ಪಂದಾ?"

ಅವಳು ಉತ್ತರ ಕೊಡಲಿಲ್ಲ. ಮೇಲೆ ಹತ್ತಿ ಬಂದಳು. ವಯಸ್ಸು ನನ್ನಷ್ಟೇ ಇರಬಹುದು. ಕೈಯಲ್ಲಿ ಕತ್ತಿ, ಸೊಂಟಕ್ಕೆ ಕಟ್ಟಿದ ಹಳೇ ಸೀರೆಯ ತುಂಡು. ನಾವು ಕೂತಿದ್ದ ಬಂಡೆಯಿಂದ ಹತ್ತಡಿ ಕೆಳಗೆ ಬಗ್ಗಿ, ಎರಡು ಕಲ್ಲುಗಳ ನಡುವೆ ತುಂಬಿದ್ದ ಎಲೆಗಳನ್ನು ಬಾಚಿ ತೆಗೆದಳು. ಅಲ್ಲೊಂದು ಕಪ್ಪು ಪೈಪಿನ ಬಾಯಿ. ಬಾಯಿಗೆ ಬಟ್ಟೆ ಕಟ್ಟಿತ್ತು. ಬಟ್ಟೆಯ ಮೇಲೆ ನಮ್ಮ ಸಾರಿನ ಜಿಡ್ಡು ಹಳದಿಯಾಗಿ ಅಂಟಿಕೊಂಡಿತ್ತು.

"ಕುಡಿಯೋ ನೀರು ಮಾರಾಯ್ರೆ," ಅಂದಳು. "ಲೈನಿಗೆ ಹೋಗ್ತದೆ."

ಲೈನು ಅಂದರೆ ತೋಟದ ಕೂಲಿಯವರ ಸಾಲು ಮನೆಗಳು. ಅಲ್ಲಿಂದ ಕೆಳಗೆ ಮರಗಳ ನಡುವೆ ಹೆಂಚು ಕಾಣುತ್ತಿತ್ತು. ಹಿಂದಿನ ದಿನವೇ ಕಂಡಿತ್ತು ನನಗೆ, ಅದರ ಫೋಟೋ ಕೂಡ ತೆಗೆದಿದ್ದೆ. ಅಲ್ಲಿ ಜನ ಇದ್ದಾರೆ, ಅವರು ನೀರು ಕುಡಿಯುತ್ತಾರೆ, ಆ ನೀರು ಎಲ್ಲಿಂದಲೋ ಬರಬೇಕು ಎಂದು ಮಾತ್ರ ಹೊಳೆದಿರಲಿಲ್ಲ. ಅವಳು ಬಟ್ಟೆ ಬಿಚ್ಚಿ, ಪೈಪಿನ ಬಾಯಿ ಹೊರಗೆ ಎತ್ತಿಟ್ಟು, ಬಟ್ಟೆಯನ್ನು ಒಗೆಯಲು ಕೆಳಗೆ ಇಳಿದು ಹೋದಳು. ಗಮನಿಸಿ: ಕೆಳಗೆ ಇಳಿದು ಹೋದಳು. ಪೈಪಿನಿಂದ ಸುಮಾರು ಕೆಳಗೆ ಅವರ ಒಗೆಯುವ ಕಲ್ಲಿತ್ತು.

ವಾಪಸ್ ಬಂದು ಬಳಗದವರಿಗೆ ಹೇಳಿದಾಗ ಎಲ್ಲರೂ ಸುಮ್ಮನಾದರು. ಹುಡುಗನಿಗೆ ಇನ್ನೂ ಬಿಸಿ ಆರಿರಲಿಲ್ಲ. "ಅವರು ಯಾವ ಜನ ಅಂತ ಕೇಳ್ಬೇಕಿತ್ತು," ಅಂದ. ಮೇಷ್ಟ್ರು ಅವನನ್ನೇ ನೋಡುತ್ತ ಕೇಳಿದರು: "ನಮ್ಮ ಜನ ಆಗಿದ್ದರೆ ನಿಮ್ಮ ಜಿಡ್ಡು ಹೆಚ್ಚಾಗ್ತಿತ್ತಾ? ಗೌಡರ ಪೈಕಿ ಆಗಿದ್ದರೆ ಕಡಿಮೆ ಆಗ್ತಿತ್ತಾ?" ಅವಳು ಯಾರು ಎಂದು ನಾವು ಕೇಳಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಈಗ ನನ್ನನ್ನು ಕಾಡುತ್ತಿರುವ ಪ್ರಶ್ನೆಗೆ ಬರುತ್ತೇನೆ. ನಮ್ಮಜ್ಜಿಗೆ ಹೇಳಿದ ಮಾತು, ನನಗೆ ಹೇಳಿದ ಮಾತು, ಎರಡೂ ಒಂದೇ. ಕೆಳಗೆ ಹೋಗು. ಒಂದು ಅನ್ಯಾಯ, ಇನ್ನೊಂದು ನ್ಯಾಯ. ಕಿವಿಗೆ ಒಂದೇ ಥರ ಕೇಳಿಸುವ ಎರಡು ಮಾತುಗಳಲ್ಲಿ ಯಾವುದು ಯಾವುದು ಎಂದು ತಿಳಿಯುವುದು ಹೇಗೆ? ನಮ್ಮಂಥವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ನಮ್ಮ ಕಿವಿ ಸೂಕ್ಷ್ಮವಾಗಿರುವುದಕ್ಕೆ ಕಾರಣವಿದೆ. ಶುಚಿ, ಸ್ವಚ್ಛತೆ, ಆರೋಗ್ಯ ಎಂಬ ಪದಗಳ ಹಿಂದೆ ಎಷ್ಟು ಸಲ ಮಡಿ ಅಡಗಿ ಕೂತಿದ್ದನ್ನು ನಾವು ನೋಡಿಲ್ಲ!

ವಸಲ ಸುತ್ತದಲ್ಲಿ ಸ್ವತಃ ಭಗವಾನ್ ಬುದ್ಧರಿಗೇ ಇಂಥ ಮಾತು ಬಿದ್ದಿದೆ. ಸಾವತ್ಥಿಯಲ್ಲಿ ಭಿಕ್ಷೆಗೆ ಹೊರಟಾಗ ಅಗ್ಗಿಕ ಭಾರದ್ವಾಜ ಎಂಬ ಬ್ರಾಹ್ಮಣ ದೂರದಿಂದಲೇ, ಬೋಳ, ವಸಲ, ಅಲ್ಲೇ ನಿಲ್ಲು ಎಂದು ಕೂಗುತ್ತಾನೆ. ಬುದ್ಧರು ಸಿಟ್ಟಾಗಲಿಲ್ಲ ಎಂದು ನಾವು ಸಾಮಾನ್ಯವಾಗಿ ಇಲ್ಲಿ ಪಾಠ ಹೇಳುತ್ತೇವೆ. ಅದಕ್ಕಿಂತ ಮುಖ್ಯವಾದದ್ದು ಅವರು ಕೇಳಿದ ಮರುಪ್ರಶ್ನೆ. ವಸಲ ಯಾರು, ಯಾವುದರಿಂದ ಒಬ್ಬ ವಸಲನಾಗುತ್ತಾನೆ ಎಂಬುದು ನಿನಗೆ ಗೊತ್ತೇ ಎಂದು ಕೇಳುತ್ತಾರೆ. ಆಮೇಲೆ ಒಂದೊಂದೇ ಕೃತ್ಯವನ್ನು ಎಣಿಸುತ್ತಾರೆ: ಸಾಲ ಮಾಡಿ ಇಲ್ಲವೆನ್ನುವವನು, ಮುಪ್ಪಾದ ತಂದೆತಾಯಿಯನ್ನು ಸಾಕದವನು, ಸುಳ್ಳು ಸಾಕ್ಷಿ ಹೇಳುವವನು. ಅಂದರೆ ಅವರು 'ನಿಲ್ಲು' ಎಂಬ ಮಾತನ್ನೇ ತೆಗೆದು ಹಾಕಲಿಲ್ಲ. ಅದು ಯಾವುದಕ್ಕೆ ತಗುಲಬೇಕು ಎಂಬುದನ್ನು ಬದಲಿಸಿದರು. ಹುಟ್ಟಿಗೆ ತಗುಲುತ್ತಿದ್ದದ್ದನ್ನು ಕೃತ್ಯಕ್ಕೆ ತಗುಲಿಸಿದರು.

ಇದನ್ನು ಹಳ್ಳಕ್ಕೆ ಹಚ್ಚಿ ನೋಡಿದೆ. ನಾನು ಸೋಪು ಕೆಳಗಿಟ್ಟಿದ್ದರೆ ಆ ಹೆಂಗಸಿನ ಆಕ್ಷೇಪಣೆ ಅಲ್ಲಿಗೇ ಮುಗಿಯುತ್ತಿತ್ತು. ಹಿಂದಿನ ಸಂಜೆ ಅದೇ ಬಂಡೆಯ ಮೇಲೆ ಕೂತು ನಾವು ನೀರು ಕುಡಿದಾಗ ಲೈನಿನ ಮಕ್ಕಳು ನೋಡಿ ನಕ್ಕು ಹೋಗಿದ್ದರು, ಯಾರೂ ಏನೂ ಅನ್ನಲಿಲ್ಲ. ನಮ್ಮಜ್ಜಿ ಮಾತ್ರ ಬೆಳ್ಳಿ ಬಿಂದಿಗೆಯನ್ನು ಬೂದಿ ಹಾಕಿ ಬೆಳಗಿ ತಂದಿದ್ದರೂ ಕೆಳಕ್ಕೇ ಹೋಗಬೇಕಿತ್ತು. ಅವಳ ಕೈ ಎಷ್ಟು ತೊಳೆದರೂ ಸಾಲದು, ಏಕೆಂದರೆ ದೂರು ಕೈಯ ಮೇಲೆ ಇರಲೇ ಇಲ್ಲ.

ಮತ್ತೊಂದು ವ್ಯತ್ಯಾಸ. ಆ ಹೆಂಗಸು ತಾನು ಹೇಳಿದ ನಿಯಮವನ್ನು ತಾನೂ ಪಾಲಿಸಿದಳು, ಬಟ್ಟೆ ಒಗೆಯಲು ಪೈಪಿನ ಕೆಳಗೆ ಹೋದಳು. ಅಜ್ಜಿಯ ಊರಿನವರು ತಮ್ಮ ದನ ತೊಳೆದ ನೀರನ್ನು ಕೇರಿಗೆ ಬಿಡುವಾಗ ಯಾವ ನಿಯಮ ಪಾಲಿಸಿದರು? ಮಹಾಡದ ಚವದಾರ್ ಕೆರೆಯಲ್ಲೂ ಇದೇ ಕಥೆ. ಮುಂಬಯಿ ಶಾಸನ ಸಭೆ 1923ರಲ್ಲಿ, ಮಹಾಡದ ಪುರಸಭೆ 1924ರಲ್ಲಿ ಕೆರೆ ಎಲ್ಲರಿಗೂ ಮುಕ್ತ ಎಂದು ನಿರ್ಣಯ ಮಾಡಿದ್ದವು. ದನಕರುಗಳಿಗೆ ಅಡ್ಡಿಯಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಬೊಗಸೆ ನೀರು ಎತ್ತಿದಾಗ ಮಾತ್ರ ಕೆರೆ ಮೈಲಿಗೆಯಾಯಿತು, ಅದನ್ನು ಶುದ್ಧ ಮಾಡಲು ಸೆಗಣಿ ಗಂಜಲ ಬೆರೆಸಿದ ಪಂಚಗವ್ಯ ಸುರಿದರು. ನೀರಿಗೆ ಸೆಗಣಿ ಹಾಕಿ ಶುದ್ಧ ಮಾಡುವವರಿಗೆ ನೀರಿನ ಚಿಂತೆ ಇತ್ತು ಎಂದು ಯಾರಾದರೂ ನಂಬುತ್ತಾರೆಯೇ?

ಪಟ್ಟಣದಲ್ಲೂ ಈ ಒರೆಗಲ್ಲು ಕೆಲಸಕ್ಕೆ ಬರುತ್ತದೆ. ನಮ್ಮ ರಾಜಾಜಿನಗರ, ಬಸವೇಶ್ವರನಗರದ ಗೇಟುಗಳ ಮೇಲೆ 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಟು ಲೆಟ್ ಬೋರ್ಡು ನೋಡಿದ್ದೀರಿ. ಕೇಳಿದರೆ ವಾಸನೆ, ಕ್ಲೀನ್‌ನೆಸ್ ಎನ್ನುತ್ತಾರೆ. ಸರಿ, ನಾವು ಮನೆಯಲ್ಲಿ ಮಾಂಸ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳಿ. ಆಗ ಮುಂದಿನ ಪ್ರಶ್ನೆ ಬರುತ್ತದೆ: "ನಿಮ್ಮ ಕಡೆ ಯಾವ ಪೈಕಿ?" ಸೋಪು ಕೆಳಗಿಟ್ಟ ಮೇಲೂ ದೂರು ಮುಗಿಯಲಿಲ್ಲ ಎಂದರೆ ದೂರು ಸೋಪಿನದಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಬರಹ ನಮಗೆಲ್ಲ ಹಿತವಾಗಿರುತ್ತಿತ್ತು. ಆದರೆ ನನ್ನ ತಪ್ಪು ಬರೀ ಕಿವಿಯದಲ್ಲ. ನಾನು ಆ ಬಂಡೆಯ ಮೇಲೆ ಕೂತಾಗ ಮೇಲಿನವನಾಗಿದ್ದೆ, ಅದು ನನಗೆ ಗೊತ್ತೇ ಆಗಲಿಲ್ಲ. ಯಾವಾಗಲೂ ಕೆಳಗಿನವರು ನಾವೇ ಎಂಬ ಅಭ್ಯಾಸ ನನ್ನ ಮೈಗೆ ಎಷ್ಟು ಹತ್ತಿದೆ ಅಂದರೆ, ಮೇಲೆ ಕೂತಾಗಲೂ ಕೆಳಗಿನವನ ಸಿಟ್ಟನ್ನೇ ಉಪಯೋಗಿಸಿದೆ. ಮೇಲಿರುವವನು ಕೇಡು ಮಾಡಲು ದ್ವೇಷ ಬೇಕಿಲ್ಲ. ಕೆಳಗೆ ತಿರುಗಿ ನೋಡದಿದ್ದರೆ ಸಾಕು, ಉಳಿದದ್ದನ್ನು ನೀರೇ ಮಾಡುತ್ತದೆ. ಅಜ್ಜಿಯ ಊರಿನಲ್ಲಿ ದನ ತೊಳೆಯುತ್ತಿದ್ದ ಹುಡುಗರಿಗೂ ಕೇರಿಯ ಮೇಲೆ ವಿಶೇಷ ಹಗೆ ಇದ್ದಿರಲಾರದು. ಅವರು ತಿರುಗಿ ನೋಡುತ್ತಿರಲಿಲ್ಲ, ಅಷ್ಟೇ.

ಬಾಬಾಸಾಹೇಬರು ಜಾತಿಯನ್ನು ಶ್ರೇಣೀಕೃತ ಅಸಮಾನತೆ ಎಂದು ಕರೆದರು. ಇಬ್ಬರೇ ಇದ್ದರೆ, ಒಬ್ಬ ಮೇಲೆ ಒಬ್ಬ ಕೆಳಗೆ, ಕೆಳಗಿನವನು ಎಂದೋ ಎದ್ದು ನಿಲ್ಲುತ್ತಿದ್ದ. ಮೆಟ್ಟಿಲು ಮೆಟ್ಟಿಲಾಗಿರುವುದರಿಂದಲೇ ಅದು ಉಳಿದಿದೆ. ಪ್ರತಿಯೊಬ್ಬನಿಗೂ ತನ್ನ ಕೆಳಗೆ ಇನ್ನೊಬ್ಬ ಸಿಗುತ್ತಾನೆ. ಹಳ್ಳದ ಹಾಗೆಯೇ. ಒಳಮೀಸಲಾತಿಯ ಮಾತು ಬಂದಾಗ ಇದೇ ಗುಂಪಿನಲ್ಲಿ ದನಿ ಏರಿದ್ದನ್ನು ನಾವು ಕಂಡಿದ್ದೇವೆ. ಬಲಗೈ, ಎಡಗೈ ಎಂದು ಮನೆಯಲ್ಲಿ ಆಡುವ ಮಾತು ವಿಹಾರದಲ್ಲಿ ಆಡುವುದಿಲ್ಲ, ಆದರೆ ಹೆಣ್ಣು ಗಂಡು ನೋಡುವಾಗ ಆಡುತ್ತೇವೆ. ಬೆಳಿಗ್ಗೆ ಕಸದ ಗಾಡಿಯ ಅಕ್ಕ ಗೇಟಿನ ಹತ್ತಿರ ನೀರು ಕೇಳಿದರೆ ಯಾವುದರಲ್ಲಿ ಕೊಡುತ್ತೇವೆ? ನಮ್ಮ ಮನೆಯಲ್ಲಿ ಒಂದು ಹಳೇ ಪ್ಲಾಸ್ಟಿಕ್ ಬಾಟಲಿ ಇತ್ತು. ಅದನ್ನು ಬೇರೆ ಇಡಬೇಕೆಂದು ಯಾರೂ ಹೇಳಿರಲಿಲ್ಲ. ಅದು ಹಾಗೇ ಬೇರೆಯಾಗಿತ್ತು. ಊರಿನಿಂದ ಬಂದ ಮೇಲೆ ನಾನು ಅದನ್ನು ಗಮನಿಸಿದೆ. ಬುದ್ಧನ ಮೂರ್ತಿ ಇರುವ ಮನೆಯಲ್ಲಿ, ಸ್ವಾಮಿ!

ಚಂಡಾಲ ಹುಡುಗಿಯ ಕೈಯಿಂದ ಆನಂದ ನೀರು ಕೇಳಿ ಕುಡಿದ ಕಥೆಯನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರಲ್ಲಿ ನಾವು ಯಾವಾಗಲೂ ಆ ಹುಡುಗಿಯ ಜಾಗದಲ್ಲೇ ನಿಂತುಕೊಳ್ಳುತ್ತೇವೆ. ಆನಂದನ ಜಾಗದಲ್ಲಿ ನಿಲ್ಲಬೇಕಾದ ದಿನವೂ ಬರುತ್ತದೆ ಎಂಬುದು ನನಗೆ ತಡವಾಗಿ ಹೊಳೆಯಿತು.

ಭಿಕ್ಖುಗಳ ಪಾತಿಮೊಕ್ಖದಲ್ಲಿ 75 ಸೇಖಿಯ ನಿಯಮಗಳಿವೆ. ಹೆಚ್ಚಿನವು ಉಣ್ಣುವ, ಉಡುವ, ಕೂರುವ ರೀತಿಗೆ ಸೇರಿದವು. ಎಲ್ಲಕ್ಕೂ ಕೊನೆಯದು, 75ನೆಯದು, ಕಾಯಿಲೆಯಿಲ್ಲದಿದ್ದಾಗ ನೀರಿನಲ್ಲಿ ಮಲಮೂತ್ರ ಮಾಡಬಾರದು, ಉಗುಳಬಾರದು ಎಂಬುದು. ಚಿಕ್ಕ ನಿಯಮ ಎಂದು ನಾನು ಅದನ್ನು ದಾಟಿ ಓದಿದ್ದೆ. ಆ ಭಿಕ್ಖುಗಳು ಹಳ್ಳದಿಂದ ಹಳ್ಳಕ್ಕೆ ನಡೆದವರು, ಮರದಡಿ ಮಲಗಿದವರು. ಅವರಿಗೆ ತಮ್ಮ ಕೆಳಗೆ ಯಾವಾಗಲೂ ಒಂದು ಊರು ಇದೆ ಎಂದು ಗೊತ್ತಿತ್ತು.

ಹೇಳಿದ್ದ ಸುತ್ತ ಇಲ್ಲಿದೆ. ಮಜ್ಝಿಮ ನಿಕಾಯದ ಅಂಬಲಟ್ಠಿಕ ರಾಹುಲೋವಾದ ಸುತ್ತ. ಬುದ್ಧರು ಕಾಲು ತೊಳೆದುಕೊಂಡು, ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿಸಿ, ಅದನ್ನು ಮಗ ರಾಹುಲನಿಗೆ ತೋರಿಸುತ್ತ ಪಾಠ ಶುರು ಮಾಡುತ್ತಾರೆ. ಕನ್ನಡಿ ಇರುವುದು ನೋಡಿಕೊಳ್ಳಲು. ಹಾಗೆಯೇ ಒಂದು ಕೆಲಸ ಮಾಡುವ ಮೊದಲು, ಮಾಡುತ್ತಿರುವಾಗ, ಮಾಡಿದ ಮೇಲೆ, ಮೂರು ಸಲ ನೋಡಿಕೊಳ್ಳಬೇಕು: ಇದರಿಂದ ನನಗೆ ಕೇಡೇ, ಬೇರೆಯವರಿಗೆ ಕೇಡೇ, ಇಬ್ಬರಿಗೂ ಕೇಡೇ? ಹಳ್ಳಕ್ಕಿಳಿಯುವ ಮೊದಲು ನಾನು ನೋಡಲಿಲ್ಲ. ನೊರೆ ಹರಿಯುತ್ತಿದ್ದಾಗ ನೋಡಿದೆ, ಚೆನ್ನಾಗಿ ಕಾಣುತ್ತಿದೆ ಎಂದುಕೊಂಡೆ. ಉಳಿದದ್ದು ಮೂರನೆಯದು. ಮಾಡಿದ ಮೇಲೆ ಕೇಡೆಂದು ಕಂಡರೆ ಅದನ್ನು ಗುರುಗಳ ಬಳಿಯೋ ತಿಳಿದ ಸಹಚರರ ಬಳಿಯೋ ತೆರೆದು ಹೇಳಬೇಕು ಎಂದು ಆ ಸುತ್ತದಲ್ಲೇ ಇದೆ. ಈ ಬರಹ ಅದಕ್ಕಾಗಿ.

ಆ ದಿನ ಮುಂದೇನಾಯಿತು ಎಂದರೆ, ಪಾತ್ರೆಯನ್ನು ಹಳ್ಳದಿಂದ ಎಂಬತ್ತು ಹೆಜ್ಜೆ ದೂರ ಒಯ್ದೆವು. ಕಾಡಿನಲ್ಲಿ ಟೆಂಟ್ ಹಾಕಿ ರೂಢಿಯಿರುವವರು ಪಾಲಿಸುವ ಲೆಕ್ಕ ಅದು, ಸುಮಾರು 60 ಮೀಟರ್. ಗುಂಡಿ ತೋಡಿ, ಬಕೆಟ್ಟಿನಲ್ಲಿ ನೀರು ಹೊತ್ತು, ಒಲೆಯ ಬೂದಿ ಹಾಕಿ ತಿಕ್ಕಿ, ಆ ನೀರನ್ನು ಮಣ್ಣಿಗೆ ಬಿಟ್ಟೆವು. ಮಣ್ಣು ಸೋಸುತ್ತದೆ, ಹಳ್ಳ ಸೋಸುವುದಿಲ್ಲ. ಹುಡುಗನೇ ನಾಲ್ಕು ಬಕೆಟ್ ಹೊತ್ತ. ಹೊರಡುವ ಮೊದಲು ಲೈನಿನ ದಾರಿಯಲ್ಲಿ ಆ ಹೆಂಗಸು ಸೌದೆ ಹೊರೆ ಹೊತ್ತು ಬರುತ್ತಿದ್ದಳು. ನಾನು ನಿಂತು, "ಅಕ್ಕಾ, ಬೆಳಿಗ್ಗೆ ಹಾಗೆ ಮಾತಾಡಬಾರದಿತ್ತು, ತಪ್ಪಾಯ್ತು," ಅಂದೆ. ಅವಳು ಹೊರೆ ಇಳಿಸಲಿಲ್ಲ. "ಇರ್ಲಿ ಬಿಡಿ. ಬರೋರೆಲ್ಲ ಹಾಗೇ," ಅಂದು ಹೋದಳು.

ಬರೋರೆಲ್ಲ. ಅವಳ ಲೆಕ್ಕದಲ್ಲಿ ನಾವು ಬೆಂಗಳೂರಿನಿಂದ ಬರುವವರು. ಪಕ್ಕದ ಟೆಂಟಿನಲ್ಲಿ ರಾತ್ರಿಯಿಡೀ ಬಿಯರ್ ಬಾಟಲಿ ಒಡೆದವರೂ, ಪಂಚಶೀಲ ಹೇಳಿದ ನಾವೂ ಒಂದೇ ಜನ. ಅವಳ ಮಾತಿಗೆ ನನ್ನ ಬಳಿ ಉತ್ತರವಿರಲಿಲ್ಲ.

ಆ ಹಳ್ಳ ಭದ್ರಾ ನದಿಗೆ ಸೇರುತ್ತದೆ. ಅದೇ ಭದ್ರೆಯ ಮೇಲ್ಭಾಗದಲ್ಲಿ ಕುದುರೆಮುಖದ ಕಬ್ಬಿಣದ ಗಣಿಯಿತ್ತು. ಮಳೆಗಾಲದಲ್ಲಿ ಅದರ ಹೂಳು ನದಿಗೆ ಇಳಿಯುತ್ತಿತ್ತು, ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಭದ್ರೆ ಲಕ್ಕವಳ್ಳಿಯ ಅಣೆಕಟ್ಟು ದಾಟಿ, ಭದ್ರಾವತಿ ದಾಟಿ, ಕೂಡಲಿಯಲ್ಲಿ ತುಂಗೆಯ ಜೊತೆ ಸೇರಿ ಹೊಸಪೇಟೆ ಕಡೆ ಹೋಗುತ್ತದೆ. ವಾಪಸ್ ಬರುವಾಗ ವ್ಯಾನಿನಲ್ಲಿ ಇದನ್ನೆಲ್ಲ ಮಾತಾಡಿಕೊಂಡು ಬಂದೆವು. ವಿಜಯನಗರದಲ್ಲಿ ಇಳಿದು ನಾನು ಮೆಟ್ರೋ ಹಿಡಿದೆ. ಮೈಸೂರು ರಸ್ತೆ ದಾಟಿದ ಮೇಲೆ ಕಿಟಕಿಯ ಕೆಳಗೆ ವೃಷಭಾವತಿ ಕಂಡಿತು. ಕರಿ ನೀರು, ಬಿಳಿ ನೊರೆ. ವರ್ಷಗಳಿಂದ ನೋಡುತ್ತಿದ್ದೇನೆ. ಆ ಸಂಜೆ ನೊರೆಯ ಗುರುತು ಸಿಕ್ಕಿತು.

ನಾವು ಕುಡಿಯುವ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಮೇಲೆ ಹತ್ತಿ ಬರುವ ಕಾವೇರಿ. ರಾಜಾಜಿನಗರ, ವಿಜಯನಗರ, ಕೆಂಗೇರಿಯ ಬಚ್ಚಲಿನಿಂದ ಹೋಗುವುದು ವೃಷಭಾವತಿಗೆ, ಅಲ್ಲಿಂದ ಬಿಡದಿಯ ಹತ್ತಿರದ ಬೈರಮಂಗಲ ಕೆರೆಗೆ, ಆಮೇಲೆ ಅರ್ಕಾವತಿಗೆ, ಸಂಗಮದಲ್ಲಿ ಮತ್ತೆ ಕಾವೇರಿಗೆ. ನಾವು ನೀರೆತ್ತುವ ಜಾಗ ಆ ಸಂಗಮಕ್ಕಿಂತ ಮೇಲೆ ಇದೆ. ಕೊಳೆ ಸೋಸುವ ಘಟಕಗಳಿವೆ, ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಯಾರು ಇಳಿಯುತ್ತಾರೆ ಎಂಬುದು ನಮಗೆ ಗೊತ್ತಿದೆ. ಇಷ್ಟಾದ ಮೇಲೂ ಬೈರಮಂಗಲಕ್ಕೆ ಹೋಗುವ ನೀರು ಯಾವ ಬಣ್ಣದ್ದು ಎಂದು ನೋಡಲು ನಾನು ಒಂದು ದಿನವೂ ಹೋಗಿಲ್ಲ. ಮೂವತ್ತು ವರ್ಷದಿಂದ ಕೆಂಗೇರಿಯಲ್ಲಿದ್ದೇನೆ.

ಮೇಷ್ಟ್ರು ಹೇಳಿದ್ದಾರೆ, ಮುಂದಿನ ಹೊರಸಂಚಾರ ಬೆಟ್ಟಕ್ಕಲ್ಲ, ಬೈರಮಂಗಲಕ್ಕೆ. ಈ ತಿಂಗಳ ಕೊನೆಯ ಭಾನುವಾರ ಬೆಳಿಗ್ಗೆ 7ಕ್ಕೆ ಕೆಂಗೇರಿ ಬಸ್ ನಿಲ್ದಾಣದಲ್ಲಿ ಸೇರೋಣ. ಬಿಡದಿವರೆಗೆ ಬಸ್ಸು, ಅಲ್ಲಿಂದ ಆಟೋ. ಕೆರೆಯ ಸುತ್ತಿನ ರೈತರ ಹತ್ತಿರ ಕೂತು ಮಾತಾಡೋಣ, ಭಾಷಣ ಬೇಡ. ಬರುವವರು ಗುಂಪಿನಲ್ಲಿ ಹೆಸರು ಹಾಕಿ. ತಿಂಡಿ ಬಳಗದ ಕಡೆಯಿಂದ. ಕುಡಿಯುವ ನೀರು ಮಾತ್ರ ಮನೆಯಿಂದಲೇ ತನ್ನಿ.

ನಮೋ ಬುದ್ಧಾಯ. ಜೈ ಭೀಮ್.